ಬಾಗಿಲು ನೋಡಿ ಕೊಂಡ ಬ್ಯಾಂಕು

ಜನವರಿ 9

ಮೂಗಿಗೆ,

ಫೋನ್ ಎತ್ತಿ ಎರಡು ಮಾತಾಡಿದ್ದರೆ ಮುಗಿಯುತ್ತಿದ್ದ ವಿಷಯಕ್ಕೆ ನನ್ನ ಕೈಗೆ ಪೆನ್ನು ಹಿಡಿಸಿದ್ದೀಯ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಉಕ್ಕಿಗೆ ತೂತು ಕೊರೆ ಅನ್ನು, ಕೊರೆಯುತ್ತೇನೆ. ಕಾಗದ ಬರೆ ಅಂದರೆ ಬೆರಳು ಮಡಚುವುದಿಲ್ಲ. ಹನ್ನೊಂದು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಆಮೇಲೆ ನಿನ್ನ ಚೀಟಿ ಬಂತು: "ಫೋನಿನಲ್ಲಿ ನೀನು ಕೂಗುತ್ತೀಯ ಅಣ್ಣಾ, ನನಗೆ ಏನೂ ತಿಳಿಯುವುದಿಲ್ಲ, ಬರೆದು ಕಳಿಸು." ನಾಲ್ಕು ವರ್ಷ ತುಂಬುವ ತನಕ ಬಾಯೇ ಬಿಡದ ಹುಡುಗಿ ನೀನು. ಅದಕ್ಕೇ ಮೂಗಿ ಅಂತ ನಾನು ಹೆಸರಿಟ್ಟದ್ದು. ಆ ಮೂಗಿ ಈಗ ಅಣ್ಣನ ಕೈಲಿ ಕಾಪಿ ಬರೆಸುತ್ತಿದ್ದಾಳೆ.

ಸರಿ. ನೀನು ಕೇಳಿದ್ದಕ್ಕೆ ಉತ್ತರ: ಇಲ್ಲ. ಈಗ ಯೂನಿಟ್ ಮಾರುವುದಿಲ್ಲ.

ನಿನಗೆ ಮರೆವು ಜಾಸ್ತಿ, ನೆನಪಿಸುತ್ತೇನೆ. ಐದು ವರ್ಷದ ಹಿಂದೆ ನಿನ್ನ ಗಂಡ ತಗಡು ಒತ್ತುವ ಯಂತ್ರಕ್ಕೆ ಸಿಕ್ಕಿ ಸತ್ತ. ಕಂಪನಿ ಹನ್ನೆರಡು ಲಕ್ಷದ ಚೆಕ್ ಕೊಟ್ಟಿತು. ನೀನು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ನನ್ನ ವರ್ಕ್‌ಶಾಪಿನ ಸ್ಟೂಲಿನ ಮೇಲೆ ಕೂತು, "ನಂಗೆ ಇದೆಲ್ಲ ಅರ್ಥ ಆಗಲ್ಲ, ನೀನೇ ನೋಡ್ಕೋ" ಅಂದೆ. ನೋಡಿಕೊಂಡೆ. ಬ್ಯಾಂಕುಗಳ ಫಂಡಿಗೆ ಹಾಕಿದೆ. ಒಂದು ಯೂನಿಟ್ ಕೊಂಡರೆ ದೊಡ್ಡ ಬ್ಯಾಂಕು, ಸಣ್ಣ ಬ್ಯಾಂಕು, ವಿಮೆ ಕಂಪನಿ, ಸಾಲ ಕೊಡುವ ಕಂಪನಿ ಎಲ್ಲದರಲ್ಲೂ ಒಂದೊಂದು ಚೂರು ಕೊಂಡ ಹಾಗೆ. ಷೇರಿನ ಹಾಗೆ ಮಾರ್ಕೆಟ್ಟಿನಲ್ಲಿ ಕೊಳ್ಳಬಹುದು, ಮಾರಬಹುದು. ಖಾತೆ ನನ್ನ ಹೆಸರಲ್ಲಿದೆ, ಯಾಕೆಂದರೆ ನೀನು ಫಾರಂ ತುಂಬುವಾಗ ಅಳುತ್ತಾ ಕೂತಿದ್ದೆ. ಹಣ ನಿನ್ನದೇ. ಅದನ್ನು ನಾನೇನೂ ತಿಂದಿಲ್ಲ.

ಆದರೆ ಮಾರ್ಕೆಟ್ ಈಗ ಸರಿಯಿಲ್ಲ. ಈಗ ಮಾರುವವನು ಪೆದ್ದ. ಅದೂ ಯಾತಕ್ಕೆ, ಹಲ್ಲು ಕಟ್ಟುವ ಅಂಗಡಿ ಕೊಳ್ಳುವುದಕ್ಕೆ. ಕಂಡವರ ಬಾಯಿಗೆ ಹಾಕುವ ಹಲ್ಲನ್ನು ಇಪ್ಪತ್ತೆರಡು ವರ್ಷ ತಿಕ್ಕಿದ್ದು ಸಾಲದೆ, ಈಗ ಆ ದವಡೆಗಳ ಯಜಮಾನಿ ಆಗಬೇಕೇನು? ಐವತ್ತೆಂಟಾಯಿತು ನಿನಗೆ. ಸುಮ್ಮನೆ ಕೂತು ಉಣ್ಣು.

ಅಣ್ಣ


ಜನವರಿ 18

ಅಣ್ಣನಿಗೆ ನಮಸ್ಕಾರ.

ಕಾಗದ ಬಂತು. ಬೆರಳು ಮಡಚುವುದಿಲ್ಲ ಎಂದು ಬರೆದಿದ್ದೀಯ, ಆದರೂ ಬೈಗುಳ ಮಾತ್ರ ಸ್ಪಷ್ಟವಾಗಿ ಬಂದಿದೆ.

ನೀನು ನಮ್ಮ ಲ್ಯಾಬು ನೋಡಿಲ್ಲ, ಅದಕ್ಕೆ ಹಾಗೆ ಬರೆದೆ. ಮೂರು ಕೋಣೆ. ಮೊದಲನೆಯದರಲ್ಲಿ ಡಾಕ್ಟರುಗಳು ಕಳಿಸಿದ ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಹೊಯ್ಯುತ್ತೇವೆ. ಎರಡನೆಯದರಲ್ಲಿ ಮೇಣದಲ್ಲಿ ಹಲ್ಲು ಕೂರಿಸುವುದು. ಮೂರನೆಯದು ನನ್ನದು, ಪಾಲಿಶ್. ಕಿಟಕಿಯ ಪಕ್ಕದ ಬೆಂಚಿನಲ್ಲಿ ನನ್ನ ಮೊಣಕೈ ಊರಿ ಊರಿ ಎರಡು ಗುಳಿ ಬಿದ್ದಿವೆ. ಬರುವವರ ಮುಖ ನಾನು ನೋಡಿದವಳಲ್ಲ. ಆದರೆ ದವಡೆ ನೋಡಿದರೆ ಹೇಳಬಲ್ಲೆ, ಇವರು ಒಂದೇ ಕಡೆ ಅಗಿಯುವವರು, ಇವರು ನಿದ್ದೆಯಲ್ಲಿ ಹಲ್ಲು ಕಡಿಯುವವರು ಅಂತ. ಕೆಲಸ ನನಗೆ ಗೊತ್ತು ಅಣ್ಣ. ಗೊತ್ತಿರುವುದು ಅದೊಂದೇ.

ಯಜಮಾನರ ಕೈ ನಡುಗುತ್ತದೆ, ಲ್ಯಾಬು ಮಾರುತ್ತಿದ್ದಾರೆ. ಕೊಳ್ಳುವವರು ಇಬ್ಬರು. ಒಬ್ಬಳು ನಾನು. ಇನ್ನೊಬ್ಬರು ಕಂಪ್ಯೂಟರಿನಿಂದ ಹಲ್ಲು ತೆಗೆಯುವ ಯಂತ್ರ ತರುವವರು. ಅವರು ಬಂದರೆ ನಾವು ಐದೂ ಜನ ಹೊರಗೆ. ಯಜಮಾನರು, "ನೀನು ಹತ್ತೊಂಬತ್ತು ಲಕ್ಷ ತಂದ್ರೆ ಅವರಿಗೆ ಕೊಡಲ್ಲಮ್ಮ, ಫೆಬ್ರವರಿ ಕೊನೇ ತನಕ ಕಾಯ್ತೀನಿ" ಅಂದಿದ್ದಾರೆ.

ಮಾರ್ಕೆಟ್ ಸರಿಯಿಲ್ಲ ಎಂದೆ. ಇಸ್ತ್ರಿ ಬಟ್ಟೆ ಸುತ್ತಿ ಬಂದ ಪೇಪರಿನಲ್ಲಿ ಬ್ಯಾಂಕುಗಳ ಫಂಡು ಎಂಟು ತಿಂಗಳಿಂದ ಏರುತ್ತಲೇ ಇದೆ ಎಂದು ಹಾಕಿದ್ದರು. ನನಗೆ ತಿಳಿಯದ್ದು, ಕೇಳುತ್ತಿದ್ದೇನೆ ಅಷ್ಟೆ. ಎಷ್ಟು ಯೂನಿಟ್ ಇದೆ, ಇವತ್ತು ಒಂದಕ್ಕೆ ಎಷ್ಟಿದೆ, ಬರೆಯುತ್ತೀಯಾ?

ಅತ್ತಿಗೆಗೆ ಕಾಲುನೋವು ಹೇಗಿದೆ?

ತಂಗಿ


ಜನವರಿ 25

ಮೂಗಿ,

ಬಟ್ಟೆ ಸುತ್ತಿದ ಪೇಪರ್ ಓದಿ ನನಗೆ ಪಾಠ ಹೇಳಬೇಡ. ಅದು ಯಾವ ವರ್ಷದ ಪೇಪರೋ.

ಬ್ಯಾಂಕಿನ ಬಗ್ಗೆ ನನಗೆ ಹೇಳುವುದಕ್ಕೆ ನಿನಗೇನು ಯೋಗ್ಯತೆ ಇದೆ? ಮೂವತ್ತೆಂಟು ವರ್ಷ ಬ್ಯಾಂಕುಗಳ ಭದ್ರ ಕೊಠಡಿಗೆ ಬಾಗಿಲು ಕೂರಿಸಿದವನು ನಾನು. ಮ್ಯಾನೇಜರುಗಳು ಕೋಟು ಹಾಕಿಕೊಂಡು ಹೊರಗೆ ನಿಂತಿರುತ್ತಿದ್ದರು, ನಾನು ಬನಿಯನ್ ಹಾಕಿಕೊಂಡು ಒಳಗೆ ಇರುತ್ತಿದ್ದೆ. ಯಾವ ಬ್ಯಾಂಕು ಎಂಥದ್ದು ಅಂತ ಬಾಗಿಲೇ ಹೇಳುತ್ತದೆ. ಒಂದು ಬ್ಯಾಂಕಿನಲ್ಲಿ ಬಾಗಿಲ ಕೀಲು ಸವೆದು ತಾನೇ ಮುಚ್ಚಿಕೊಳ್ಳುತ್ತಿತ್ತು. ರಿಪೇರಿ ಮಾಡಿಸಿ ಅಂದರೆ ಮ್ಯಾನೇಜರ್, "ಖರ್ಚು ಯಾಕಪ್ಪಾ" ಅಂತ ಒಂದು ಇಟ್ಟಿಗೆ ಒತ್ತಿಟ್ಟ. ಹನ್ನೆರಡು ವರ್ಷ ಆ ಇಟ್ಟಿಗೆ ಅಲ್ಲೇ ಇತ್ತು. ಅಂಥ ಕಡೆ ನಾನು ಒಂದು ಬಿಡಿಗಾಸು ಇಡುವುದಿಲ್ಲ. ಇನ್ನೊಂದು ಬ್ಯಾಂಕು, ಮೂವತ್ತೆರಡು ಬೋಲ್ಟಿನ ಬಾಗಿಲು, ಎರಡೂವರೆ ಟನ್. ನಾನೇ ಕೂರಿಸಿದ್ದು. ಒಂದು ಬೆರಳಲ್ಲಿ ತಳ್ಳಿದರೆ ಸದ್ದಿಲ್ಲದೆ ತಿರುಗುತ್ತಿತ್ತು. ಅದನ್ನು ಮಾಡಿಸಿದವರು ಹಣದ ಬೆಲೆ ತಿಳಿದವರು. ಇದು ಪೇಪರಿನಲ್ಲಿ ಬರುವುದಿಲ್ಲ ಕಣೇ.

ಯೂನಿಟ್ಟಿನ ಲೆಕ್ಕ ನಿನಗೆ ಯಾಕೆ? ಜೂನ್ ತನಕ ಕಾಯಿ. ಆಮೇಲೆ ನೋಡೋಣ. ನಿನ್ನ ಕೈಗೆ ಹಣ ಬಂದರೆ ನಿಲ್ಲುವುದಿಲ್ಲ, ನೀನು ಹುಟ್ಟಿದಾಗಿನಿಂದ ಗೊತ್ತು. ಯಾರೋ ನಡುಗುವ ಕೈಯ ಮುದುಕ ಮುರುಕಲು ಸಾಮಾನು ತಲೆಗೆ ಕಟ್ಟುತ್ತಿದ್ದಾನೆ, ನೀನು ಯಜಮಾನಿ ಆಗುತ್ತೇನೆಂದು ಹಿಗ್ಗುತ್ತಿದ್ದೀಯ.

ಅತ್ತಿಗೆಯ ಕಾಲು ಇರುವ ಹಾಗೇ ಇದೆ. ಬಾಯಿ ಮಾತ್ರ ಚೆನ್ನಾಗಿದೆ.

ಅಣ್ಣ


ಫೆಬ್ರವರಿ 3

ಅಣ್ಣನಿಗೆ,

ಮೂವತ್ತೆರಡು ಬೋಲ್ಟಿನ ಬಾಗಿಲಿನ ವಿಷಯ ಓದಿ ಲ್ಯಾಬಿನಲ್ಲಿ ಎಲ್ಲರಿಗೂ ಹೇಳಿದೆ. ನಾವು ಪೂರ್ತಿ ಬಾಯಿಯ ಸೆಟ್ಟನ್ನೂ ಇಪ್ಪತ್ತೆಂಟು ಹಲ್ಲಿಗೇ ಮುಗಿಸುತ್ತೇವೆ. ಕೊನೆಯ ನಾಲ್ಕು ಯಾರಿಗೂ ಬೇಕಾಗುವುದಿಲ್ಲ.

ಜೂನ್ ತನಕ ಯಜಮಾನರು ಕಾಯುವುದಿಲ್ಲ. ಆದರೆ ಹಣ ಇರುವುದು ನಿಜ ಎಂದು ಗೊತ್ತಾದರೆ ಒಂದು ತಿಂಗಳು ಹೆಚ್ಚು ಕೊಡುತ್ತಾರಂತೆ. "ಬಾಯಿಮಾತು ಬೇಡಮ್ಮ, ನಿಮ್ಮಣ್ಣನ ಕೈಯಲ್ಲಿ ಬರೆಸ್ಕೊಂಡು ಬಾ" ಅಂದರು. ಆದ್ದರಿಂದ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕಳಿಸು. ಹನ್ನೆರಡು ಲಕ್ಷ ನನ್ನದು, ನನಗಾಗಿ ನಿನ್ನ ಹೆಸರಲ್ಲಿ ಇಟ್ಟಿದ್ದೀಯ ಎಂದು. ಯಾವ ಫಂಡು, ಯಾವ ತಾರೀಖು ಕೊಂಡದ್ದು, ಎಷ್ಟು ಯೂನಿಟ್, ಈಗಲೂ ಇವೆಯೇ ಎಂದು. ಅದಕ್ಕಿಂತ ಹೆಚ್ಚು ಏನೂ ಬೇಡ.

ನಿಜವನ್ನೇ ಬರೆ ಅಣ್ಣ. ಏನಿದ್ದರೂ ಸರಿ. ಏನಾದರೂ ಹೆಚ್ಚುಕಡಿಮೆ ಆಗಿದ್ದರೆ ಅದನ್ನೂ ಬರೆ. ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ತಂಗಿ


ಫೆಬ್ರವರಿ 10

ಮೂಗಿ,

ಹಾಳೆ ಇದರ ಜೊತೆಯಲ್ಲೇ ಇದೆ. ನಿನ್ನ ಯಜಮಾನನ ಮುಖಕ್ಕೆ ಹಿಡಿ. ಹನ್ನೆರಡು ಲಕ್ಷ ನನ್ನ ತಂಗಿಯದು, ಬ್ಯಾಂಕುಗಳ ಫಂಡಿನಲ್ಲಿ ಸಾವಿರದ ಎಂಟುನೂರು ಯೂನಿಟ್, ಈಗಲೂ ನನ್ನ ಖಾತೆಯಲ್ಲಿ ಭದ್ರವಾಗಿವೆ ಎಂದು ಬರೆದು ಸಹಿ ಮಾಡಿದ್ದೇನೆ. ತಾರೀಖನ್ನೂ ಹಾಕಿದ್ದೇನೆ. ಸಾಕಾ?

ಹೆಚ್ಚುಕಡಿಮೆ ಅಂದರೆ ಏನು ಅರ್ಥ? ನಾನು ಕಳ್ಳನಾ? ಇಡೀ ಊರಿನ ಬ್ಯಾಂಕುಗಳ ಕೀಲಿ ನನ್ನ ಕೈಯಲ್ಲಿ ಓಡಾಡಿದೆ, ಒಬ್ಬನೂ ನನ್ನ ಜೇಬು ಮುಟ್ಟಿ ನೋಡಿಲ್ಲ. ಒಡಹುಟ್ಟಿದವಳು ನೀನು, ರುಜು ಹಾಕಿಸಿಕೊಳ್ಳುತ್ತೀಯ. ನಿನ್ನ ಗಂಡನೂ ಹೀಗೇ ಇದ್ದ, ಎಲ್ಲದರಲ್ಲೂ ಅನುಮಾನ. ಯಂತ್ರದ ಮೇಲೊಂದು ಅನುಮಾನ ಪಟ್ಟಿದ್ದರೆ ಇವತ್ತು ಬದುಕಿರುತ್ತಿದ್ದ. ಯಂತ್ರದ ಬಾಯಿಗೆ ಅಡ್ಡವಿಟ್ಟ ಕಾಪು ತೆಗೆದು ಕೈ ಹಾಕುವವನಿಗೆ ಕಂಪನಿ ಹನ್ನೆರಡು ಲಕ್ಷ ಕೊಟ್ಟಿದ್ದೇ ಜಾಸ್ತಿ.

ಇನ್ನು ಈ ವಿಷಯ ಎತ್ತಬೇಡ.

ಅಣ್ಣ


ಫೆಬ್ರವರಿ 22

ಮಾನ್ಯರೇ,

ನಿಮ್ಮ ಕಾಗದ ಮತ್ತು ಸಹಿ ಮಾಡಿದ ಹಾಳೆ ತಲುಪಿದೆ. ಧನ್ಯವಾದ.

ಯೂನಿಟ್ಟುಗಳು ನಿಮ್ಮ ಖಾತೆಯಲ್ಲಿ ಇಲ್ಲ. ಎರಡು ವರ್ಷದ ಹಿಂದೆ ಒಂದು ಸೋಮವಾರ ಬೆಳಿಗ್ಗೆ ಅಷ್ಟನ್ನೂ ಮಾರಿದಿರಿ. ಬಂದ ಹಣದಲ್ಲಿ ಒಂದೇ ಬ್ಯಾಂಕಿನ ಷೇರು ಕೊಂಡಿರಿ. ಆ ಬ್ಯಾಂಕು ಕಳೆದ ವರ್ಷ ಮುಳುಗಿತು. ಷೇರಿಗೆ ಈಗ ಕಾಗದದ ಬೆಲೆಯೂ ಇಲ್ಲ.

ಇದನ್ನು ಅತ್ತಿಗೆ ನನಗೆ ಹೇಳಿದ್ದು ಡಿಸೆಂಬರಿನಲ್ಲಿ. "ನಿಮ್ಮಣ್ಣ ನಿನ್ನ ದುಡ್ಡು ಕಳ್ಕೊಂಡು ಕೂತಿದಾರೆ, ರಾತ್ರಿ ಹಲ್ಲು ಕಡೀತಾರೆ, ಹಗಲು ನನ್ನ ಮೇಲೆ ಎಗರ್ತಾರೆ, ನಾನ್ ಹೇಳ್ದೆ ಅಂತ ಹೇಳ್ಬೇಡ" ಎಂದು ಫೋನಿನಲ್ಲಿ ಅತ್ತರು. ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಈಗ ಹೇಳುತ್ತಿದ್ದೇನೆ. ಆ ಮನೆಯಲ್ಲಿ ಯಾರ ಮಾತೂ ಉಳಿಯಲಿಲ್ಲ, ನನ್ನದೊಂದು ಉಳಿದು ಏನಾಗಬೇಕು.

ಅದಕ್ಕೇ ಫೋನ್ ಎತ್ತಲಿಲ್ಲ, ಅದಕ್ಕೇ ಬರೆಯಲು ಹೇಳಿದೆ. ನೀವು ಕೂಗಿದ್ದು ಗಾಳಿಗೆ ಹೋಗುತ್ತದೆ, ಬರೆದದ್ದು ನನ್ನ ಡಬ್ಬಿಯಲ್ಲಿ ಇರುತ್ತದೆ. ನಿಮಗೆ ಮೂರು ಸಲ ದಾರಿ ಬಿಟ್ಟೆ. ಮೂರು ಸಲವೂ ಸುಳ್ಳು ಬರೆದಿರಿ. ಕೊನೆಯದಕ್ಕೆ ಸಹಿಯನ್ನೂ ಹಾಕಿದಿರಿ. ಸತ್ತವರನ್ನೂ ಬಿಡಲಿಲ್ಲ.

ಆ ಹಣ ಫಂಡಿನಲ್ಲಿ ಹಾಗೇ ಬಿದ್ದಿದ್ದರೆ ಇವತ್ತು ಹತ್ತೊಂಬತ್ತು ಲಕ್ಷ ಆಗುತ್ತಿತ್ತು. ಲ್ಯಾಬಿನ ಬೆಲೆಯೂ ಹತ್ತೊಂಬತ್ತು. ನಿಮ್ಮ ಹಾಳೆ ತೋರಿಸಿದ ಮೇಲೆ ಯಜಮಾನರು ಮಾರ್ಚ್ ಮೂವತ್ತೊಂದರ ತನಕ ಗಡುವು ಕೊಟ್ಟಿದ್ದಾರೆ. ನಿಮ್ಮ ವರ್ಕ್‌ಶಾಪು, ಅದರ ಮೇಲಿನ ಮನೆ ನಿಮ್ಮ ಹೆಸರಲ್ಲಿದೆ. ಮಾರಿ. ಇಲ್ಲದಿದ್ದರೆ ಏಪ್ರಿಲ್ ಒಂದರಂದು ನಿಮ್ಮ ಕಾಗದಗಳೆಲ್ಲ ಪೊಲೀಸ್ ಠಾಣೆಯಲ್ಲಿರುತ್ತವೆ. ಅಕ್ಷರ ಚೆನ್ನಾಗಿರುವುದರಿಂದ ಅವರಿಗೆ ಓದಲು ಕಷ್ಟವಾಗುವುದಿಲ್ಲ.

ಇಂತಿ,
ನಿಮ್ಮ ತಂಗಿ


ಮಾರ್ಚ್ 4

ಮೂಗಿ,

ಏನೇ ಅದು ಮಾನ್ಯರೇ, ನೀವು? ನಿನ್ನನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಬಿಟ್ಟು ಬರುತ್ತಿದ್ದವನಿಗೆ ಬರೆಯುವ ಮಾತಾ? ನಾನು ಶಾಲೆ ಬಿಟ್ಟದ್ದೇ ನೀನು ಹೋಗಲಿ ಅಂತ. ಕಲಿತದ್ದಕ್ಕೆ ಸಾರ್ಥಕ ಆಯಿತು.

ನಿನ್ನ ಅತ್ತಿಗೆಯ ಜೊತೆ ಮಾತು ನಿಲ್ಲಿಸಿದ್ದೇನೆ. ಅವಳಿಗೆ ಅದು ಶಿಕ್ಷೆ ಅಲ್ಲ, ರಜೆ.

ಬೇಕಾದ್ದು ನಿಜ ತಾನೆ, ತಗೋ. ಎರಡು ವರ್ಷದ ಹಿಂದೆ ಬ್ರೋಕರ್ ಆಫೀಸಿಗೆ ಹೋಗಿದ್ದೆ, ವಿಳಾಸ ಸರಿಮಾಡಿಸಲು. ಅಲ್ಲಿಯ ಗುಮಾಸ್ತೆ ಒಂದು ಹಾಳೆ ಕೊಟ್ಟಳು. ನಿಮ್ಮ ಫಂಡಿನಲ್ಲಿ ಯಾವ ಯಾವ ಬ್ಯಾಂಕು ಎಷ್ಟೆಷ್ಟು ಅಂತ ಪಟ್ಟಿ. ಮೂರು ವರ್ಷ ನಾನು ಅದನ್ನು ನೋಡಿರಲಿಲ್ಲ. ಎಲ್ಲ ಬ್ಯಾಂಕೂ ಇದೆ ಅಂದರೆ ಒಳ್ಳೆಯ ಬ್ಯಾಂಕೆಲ್ಲ ಇದೆ ಅಂದುಕೊಂಡಿದ್ದೆ. ನೋಡಿದರೆ ಮೇಲಿನಿಂದ ಎರಡನೆಯದೇ ಆ ಇಟ್ಟಿಗೆ ಬ್ಯಾಂಕು. ನಿನ್ನ ಹಣದಲ್ಲಿ ನೂರಕ್ಕೆ ಹದಿನಾಲ್ಕು ಅಲ್ಲಿತ್ತು. ನನ್ನ ಮೂವತ್ತೆರಡು ಬೋಲ್ಟಿನ ಬ್ಯಾಂಕು ಎಲ್ಲೋ ಕೆಳಗೆ, ನೂರಕ್ಕೆ ಒಂದೂ ಇಲ್ಲ. ತಲೆ ಕೆಟ್ಟಿತು. ಇಟ್ಟಿಗೆ ತೆಗೆದು ಅದನ್ನು ಮಾತ್ರ ಇಡಿ ಅಂದೆ. "ಹಾಗೆಲ್ಲ ಆಗಲ್ಲ ತಾತ, ಫಂಡು ಅಂದ್ರೆ ಒಂದು ಬುಟ್ಟಿ, ಇಟ್ರೆ ಇಡೀ ಬುಟ್ಟಿ" ಅಂದಳು. ಹಾಗಾದರೆ ಇಡೀ ಬುಟ್ಟಿ ಮಾರಿ ಅಂದೆ.

ಅವಳು ಹೇಳಿದಳು, ಸುಳ್ಳು ಬರೆಯುವುದಿಲ್ಲ. "ಮಾರ್ಕೆಟ್ ಈಗ ತಾನೇ ತೆರೀತಿದೆ, ಕೊಳ್ಳೋರು ಕಡಿಮೆ, ಒಂದು ಗಂಟೆ ಕೂತ್ಕೊಳ್ಳಿ" ಅಂದಳು. ಕೂರುವವನಾ ನಾನು? ಸಿಕ್ಕ ಬೆಲೆಗೆ ಮಾರು ಅಂದೆ. ಬುಟ್ಟಿಯ ಒಳಗಿದ್ದ ಷೇರುಗಳಿಗೆ ಇದ್ದ ಬೆಲೆಗಿಂತ ಕಡಿಮೆಗೇ ಹೋಯಿತು. ಅದರಲ್ಲೇ ಒಂದು ಲಕ್ಷ ಉದುರಿತು. ಉಳಿದದ್ದನ್ನೆಲ್ಲ ನನ್ನ ಬಾಗಿಲ ಬ್ಯಾಂಕಿಗೆ ಹಾಕಿದೆ. ಮನೆಗೆ ಬಂದು ಹೊಟ್ಟೆ ತುಂಬ ಉಂಡೆ. ಒಳ್ಳೆಯ ಕೆಲಸ ಮಾಡಿದೆ ಅಂದುಕೊಂಡಿದ್ದೆ ಕಣೇ. ನಿನ್ನ ಗಂಡನ ಹಣ ನಾನು ಕೂರಿಸಿದ ಬಾಗಿಲ ಹಿಂದೆ ಇದೆ ಅಂತ.

ಆಮೇಲಿನದು ನಿನ್ನ ಅತ್ತಿಗೆಗೂ ಗೊತ್ತಿಲ್ಲ. ಬ್ಯಾಂಕು ಮುಳುಗಿದ ಮೇಲೆ ಸರ್ಕಾರದವರು ಬೀಗಮುದ್ರೆ ಹಾಕಲು ಬಂದರು. ಭದ್ರ ಕೊಠಡಿಯ ಬಾಗಿಲು ತೆರೆಯಲಿಲ್ಲ. ಎರಡು ಕೀಲಿಯಲ್ಲಿ ಒಂದನ್ನು ಇಟ್ಟುಕೊಂಡಿದ್ದ ಮ್ಯಾನೇಜರ್ ಪರಾರಿ. ಕೂರಿಸಿದವನು ಯಾರು ಅಂತ ಹುಡುಕಿ ನನ್ನನ್ನು ಕರೆಸಿದರು. ನಾಲ್ಕು ಗಂಟೆ ಹಿಡಿಯಿತು. ತೆರೆದಾಗ ಆ ಬಾಗಿಲು ಇನ್ನೂ ಒಂದೇ ಬೆರಳಿಗೆ ತಿರುಗಿತು. ಒಳಗೆ ಮುರಿದ ಕುರ್ಚಿಗಳು, ಒಂದು ಟೇಬಲ್ ಫ್ಯಾನು, ಹಳೇ ಫಾರಂಗಳ ಕಟ್ಟು. ಒಂದು ಮೂಲೆಯಲ್ಲಿ ಚಿಲ್ಲರೆಯ ಪೆಟ್ಟಿಗೆ. ನಾನು ಒಳಗೆ ಹೋಗಿ ಗೋಡೆ ತಟ್ಟಿ ನೋಡಿದೆ.

"ಏನ್ ಹುಡುಕ್ತಿದೀರಾ ತಾತ?" ಅಂದ ಅವರಲ್ಲೊಬ್ಬ ಅಧಿಕಾರಿ.

"ಹಣ ಎಲ್ಲಿ?"

"ಹಣ ಇಲ್ಲಿರಲ್ಲ ತಾತ. ಸಾಲ ಕೊಟ್ಟಿದ್ರು. ತಗೊಂಡೋರು ಕೈ ಎತ್ತಿದ್ರು."

"ಮತ್ತೆ ಈ ಬಾಗಿಲು ಯಾಕೆ?"

"ಬಾಗಿಲು ಇರ್ಬೇಕಲ್ಲ. ಜನ ನೋಡ್ತಾರೆ."

ಇಷ್ಟೇ. ನೀನು ನನ್ನನ್ನು ಕಳ್ಳ ಅಂದುಕೋ, ಹೊಟ್ಟೆಕಿಚ್ಚಿನವನು ಅಂದುಕೋ, ಬೇಸರವಿಲ್ಲ. ದಡ್ಡ ಅಂತ ನಿನ್ನ ಬಾಯಲ್ಲಿ ಅನಿಸಿಕೊಳ್ಳಬಾರದು ಅಂತ ಬರೆಯಲಿಲ್ಲ. ಆ ಇಟ್ಟಿಗೆ ಬ್ಯಾಂಕು ಈಗ ಪಟ್ಟಿಯಲ್ಲಿ ಮೊದಲನೆಯದಂತೆ.

ವರ್ಕ್‌ಶಾಪಿಗೆ ಗಿರಾಕಿ ನೋಡುತ್ತಿದ್ದೇನೆ. ಪೊಲೀಸರ ಹೆದರಿಕೆಗೆ ಅಲ್ಲ. ಲ್ಯಾಬಿಗೆ. ನಿನ್ನ ಮುದುಕನಿಗೆ ಹೇಳು, ಮೂವತ್ತೊಂದರ ತನಕ ಅಲುಗಾಡಬೇಡ ಅಂತ.

ಅಣ್ಣ


ಮಾರ್ಚ್ 28

ತಂಗಿಗೆ,

ಹತ್ತೊಂಬತ್ತು ಲಕ್ಷ ನಿನ್ನ ಖಾತೆಗೆ ಹಾಕಿದ್ದೇನೆ. ನೋಡಿಕೊ. ಬಾಡಿಗೆ ಮನೆಗೆ ಮುಂಗಡ ಕೊಟ್ಟ ಮೇಲೆ ಉಳಿದದ್ದು ಅಷ್ಟೇ.

ವರ್ಕ್‌ಶಾಪು ಕೊಂಡವನು ಮೊಬೈಲ್ ಅಂಗಡಿ ಇಡುತ್ತಾನಂತೆ. ಲೇತ್ ಮಷೀನನ್ನು ಗುಜರಿಯ ಬೆಲೆಗೆ ಸೇರಿಸಿಕೊಂಡ. ನಾನು ತುಂಬ ಮಾತಾಡಲಿಲ್ಲ, ತಾರೀಖು ಹತ್ತಿರ ಬಂದಿತ್ತು. ಈಗ ಒಂದು ಕೋಣೆಯಲ್ಲಿದ್ದೇವೆ. ನೀರು ಕೆಳಗಿನಿಂದ ತರಬೇಕು. ನಿನ್ನ ಅತ್ತಿಗೆಗೆ ಮೆಟ್ಟಿಲು ಆಗುವುದಿಲ್ಲ, ನಾನೇ ತರುತ್ತೇನೆ. ಮಾತು ಶುರುಮಾಡಿದ್ದೇನೆ. ಅವಳು ಮಾಡಿಲ್ಲ.

ಲೇತ್ ಕೊಡುವ ಮುಂಚೆ ಅದರಲ್ಲಿ ಕೊನೆಯದಾಗಿ ಒಂದು ಬೀಗ ಮಾಡಿದೆ. ಪಾರ್ಸೆಲ್ಲಿನಲ್ಲಿ ಬರುತ್ತದೆ. ಲ್ಯಾಬಿನ ಹೊರಬಾಗಿಲಿಗೆ. ಏಳು ಲಿವರ್, ಹಿತ್ತಾಳೆ, ಎರಡು ಕೀಲಿ. ಬಾಗಿಲ ಚೌಕಟ್ಟು ಮರದ್ದೋ ಕಬ್ಬಿಣದ್ದೋ ಬರೆ, ಮರದ್ದಾದರೆ ಉದ್ದದ ಸ್ಕ್ರೂ ಕಳಿಸುತ್ತೇನೆ. ನಾನೇ ಬಂದು ಕೂರಿಸಿದರೂ ಆದೀತು. ಆ ಪಾಲಿಶ್ ಕೋಣೆಯನ್ನೂ ನೋಡಿದ ಹಾಗಾಗುತ್ತದೆ.

ಯಜಮಾನಿ ಆದ ದಿನ ಒಂದು ಸಾಲು ಬರೆ.

ಅಣ್ಣ


ಏಪ್ರಿಲ್ 6

ಅಣ್ಣನವರಿಗೆ,

ಹಣ ಬಂದಿದೆ. ಪೊಲೀಸರಿಗೆ ಕೊಡುವುದಿಲ್ಲ. ನಿಮ್ಮ ಕಾಗದಗಳು ನನ್ನ ಹತ್ತಿರವೇ ಇರುತ್ತವೆ.

ಲ್ಯಾಬು ಇಲ್ಲ. ನಿಮ್ಮ ಸಹಿಯ ಹಾಳೆ ಬಂದ ಮೇಲೆ ಎರಡು ದಿನ ಅದನ್ನು ಇಟ್ಟುಕೊಂಡು ಕೂತೆ. ಫೆಬ್ರವರಿ ಹದಿನೈದರಂದು ಬೆಳಿಗ್ಗೆ ಯಜಮಾನರ ಹತ್ತಿರ ಹೋಗಿ ನಾನೇ ಹೇಳಿದೆ, "ನನಗೋಸ್ಕರ ಕಾಯ್ಬೇಡಿ, ದುಡ್ಡಿಲ್ಲ" ಎಂದು. ಅವರು ಪಾಪ, ನನ್ನ ಕೈಯಲ್ಲಿದ್ದ ಹಾಳೆ ನೋಡಿ, "ನಿಮ್ಮಣ್ಣ ಬರ್ಕೊಟ್ಟಿದಾರಲ್ಲಮ್ಮ" ಅಂದರು. ಅದೇ ವಾರ ಯಂತ್ರದವರಿಗೆ ಬರೆದುಕೊಟ್ಟರು. ನಿಮಗೆ ನಾನು ಇಪ್ಪತ್ತೆರಡರಂದು ಬರೆಯುವಾಗ ನನ್ನ ಬೆಂಚನ್ನು ಆಗಲೇ ಹೊರಗೆ ಹಾಕಿದ್ದರು. ಮಾರ್ಚ್ ಮೂವತ್ತೊಂದರ ಗಡುವು ನಾನು ಹುಟ್ಟಿಸಿದ್ದು. ಗಡುವು ಇಲ್ಲದೆ ನೀವು ಯಾವ ಕೆಲಸವನ್ನೂ ಮಾಡಿದವರಲ್ಲ.

ಹೊಸಬರು ನನ್ನನ್ನು ಕರೆದರು. ಯಂತ್ರದಿಂದ ಬಂದ ಹಲ್ಲನ್ನು ಡಬ್ಬಿಗೆ ಹಾಕಿ ಚೀಟಿ ಅಂಟಿಸುವುದು. ಹೋಗುತ್ತಿದ್ದೇನೆ. ಮುಟ್ಟಿ ನೋಡಬಾರದಂತೆ, ಕೈಗವಸು ಕೊಟ್ಟಿದ್ದಾರೆ.

ಹಣವನ್ನು ಬ್ಯಾಂಕುಗಳ ಫಂಡಿಗೇ ಹಾಕಿದ್ದೇನೆ. ನನ್ನ ಹೆಸರಲ್ಲಿ. ಅಲ್ಲಿ ಕೂತಿದ್ದ ಹೆಂಗಸು, "ಯಾವ ಯಾವ ಬ್ಯಾಂಕಿದೆ ಪಟ್ಟಿ ನೋಡ್ತೀರಾಮ್ಮ?" ಎಂದು ಕೇಳಿದಳು. ಬೇಡ ಅಂದೆ.

ಬೀಗ ಬಂತು. ಹಳೇ ಸಾಮಾನಿನವನು ಹಿತ್ತಾಳೆಗೆ ಒಳ್ಳೆಯ ಬೆಲೆ ಕೊಟ್ಟ.

ತಂಗಿ


ಏಪ್ರಿಲ್ 12

ತಂಗಿಗೆ,

ನಿನ್ನ ಕಾಗದವನ್ನು ನಿನ್ನ ಅತ್ತಿಗೆ ಓದಿದಳು. ನಾನು ಓದಿದೆ. ಮತ್ತೆ ಅವಳು ಓದಿದಳು.

ಬೈಯಲು ಕೂತೆ. ಎರಡು ಹಾಳೆ ಹರಿದೆ. ಅದನ್ನು ಬಿಟ್ಟು ಲೆಕ್ಕ ಬರೆಯುತ್ತೇನೆ.

ನೀನು ನನ್ನ ಕೈಗೆ ಕೊಟ್ಟದ್ದು ಹನ್ನೆರಡು ಲಕ್ಷ. ಅದನ್ನು ನಾನು ಕಳೆದೆ, ತಿರುಗಿ ಕೊಟ್ಟಿದ್ದೇನೆ. ಅದು ನಿನ್ನದು, ನಿನ್ನ ಗಂಡನದು. ಅವನ ಬಗ್ಗೆ ಬರೆದದ್ದು ತಪ್ಪು, ಅವನ ತಪ್ಪಿರಲಿಲ್ಲ, ಕಾಪು ಮೊದಲೇ ಮುರಿದಿತ್ತು ಅಂತ ನನಗೆ ಆಗಲೇ ಗೊತ್ತಿತ್ತು. ಮೇಲಿನ ಏಳು ನಾನು ಸಾಲಕ್ಕೆ ಕೊಟ್ಟದ್ದಲ್ಲ, ದಂಡಕ್ಕೆ ಕೊಟ್ಟದ್ದಲ್ಲ. ಲ್ಯಾಬಿಗೆ ಕೊಟ್ಟದ್ದು. ಫಂಡಿನಲ್ಲಿ ಇದ್ದಿದ್ದರೆ ಅಷ್ಟಾಗುತ್ತಿತ್ತು ಅಂತ ನೀನು ಬರೆದಿದ್ದೀಯ. ಇದ್ದಿದ್ದರೆ ಅನ್ನುವುದಕ್ಕೆ ನಾನು ಮನೆ ಮಾರಲಿಲ್ಲ. ಲ್ಯಾಬು ಇದೆ ಅಂತ ಮಾರಿದೆ. ಲ್ಯಾಬು ಇಲ್ಲ. ಆ ಏಳು ನನ್ನದು. ನನ್ನದೂ ಅಲ್ಲ, ನಿನ್ನ ಅತ್ತಿಗೆಯದು. ನಿನಗೆ ಅವಳು ಏನೂ ಮಾಡಿಲ್ಲ. ಫೋನ್ ಮಾಡಿ ನಿಜ ಹೇಳಿದ್ದು ಬಿಟ್ಟು.

ಈ ಕೋಣೆಯವನು ತಿಂಗಳ ಕೊನೆಗೆ ಮುಂಗಡ ಇನ್ನೂ ಒಂದಷ್ಟು ಕೊಡಿ, ಇಲ್ಲ ಖಾಲಿ ಮಾಡಿ ಅಂದಿದ್ದಾನೆ. ಒಂದು ಬ್ಯಾಂಕಿನಲ್ಲಿ ಕಾವಲು ಕೆಲಸಕ್ಕೆ ಕೇಳಿದೆ. ವಯಸ್ಸು ಕೇಳಿ ನಕ್ಕರು. ಅವಳು ಟ್ರಂಕಿನ ಮೇಲೆ ಕೂತೇ ಇರುತ್ತಾಳೆ, ಸಾಮಾನು ಬಿಚ್ಚಲು ಬಿಡುವುದಿಲ್ಲ. "ಮತ್ತೆ ಕಟ್ಬೇಕಲ್ಲ" ಅನ್ನುತ್ತಾಳೆ. ಇದೊಂದೇ ಮಾತು ಅವಳು ನನ್ನ ಜೊತೆ ಆಡಿದ್ದು.

ಏಳು ಲಕ್ಷದ ಯೂನಿಟ್ ಮಾರು. ಬೆಳಿಗ್ಗೆ ಮಾರ್ಕೆಟ್ ತೆರೆದ ಕೂಡಲೇ ಮಾರಬೇಡ. ಒಂದು ಗಂಟೆ ಕೂತುಕೋ. ಸಿಕ್ಕ ಬೆಲೆಗೆ ಅನ್ನಬೇಡ, ಇಂಥ ಬೆಲೆಗಿಂತ ಕಡಿಮೆಗೆ ಬೇಡ ಅಂತ ಬರೆದುಕೊಡು. ಇಷ್ಟು ನನಗೆ ಗೊತ್ತು.

ಕಳಿಸುತ್ತೀಯೋ ಇಲ್ಲವೋ ಒಂದೇ ಮಾತಿನಲ್ಲಿ ಬರೆ. ಇಲ್ಲ ಅಂತಿದ್ದರೆ ಇಲ್ಲ ಅಂತಲೇ ಬರೆ. ಏಪ್ರಿಲ್ ಮೂವತ್ತರೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.

ಅಣ್ಣ